ಜಿಪ್ಸಿಯ ನಾಲ್ಕು ಕಾಲೂ ನೆಲ ಕಂಡದ್ದು

ನಮ್ಮ ತೋಟದ ಹಿಂದೆ ಹಳ್ಳಕ್ಕೆ ಇಳಿಯುವ ಒಂದು ದಾರಿ ಇದೆ. ಸಕಲೇಶಪುರದ ಮಳೆ ಕಂಡವರಿಗೆ ಜುಲೈ ಹೊತ್ತಿಗೆ ಅದು ಹೇಗಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಎಡಕ್ಕೆ ಮೊಣಕಾಲುದ್ದದ ಕೊರಕಲು, ಎರಡು ಮಾರು ಮುಂದೆ ಅದೇ ಕೊರಕಲು ಬಲಕ್ಕೆ ಹೊರಳುತ್ತದೆ. ಅಲ್ಲಿಗೆ ಬಂದಾಗಲೆಲ್ಲ ನನ್ನ ಮಾರುತಿ ಜಿಪ್ಸಿ ಕಿಂಗ್‌ನ ಮುಂದಿನ ಬಲ ಚಕ್ರ ಮತ್ತು ಹಿಂದಿನ ಎಡ ಚಕ್ರ ಗಾಳಿಯಲ್ಲಿ ಗಿರಗಿರನೆ ತಿರುಗುತ್ತಿದ್ದವು. ಉಳಿದೆರಡು ಕಲ್ಲಿನ ಹಾಗೆ ಸುಮ್ಮನೆ. "ಗೌಡ್ರೆ, ನಾಯಿ ಕಾಲೆತ್ತಿದಂಗೆ ನಿಂತೈತಲ್ಲ" ಅಂದರು ತೋಟದ ಲೆಕ್ಕಪತ್ರ ನೋಡಿಕೊಳ್ಳುವ ನಮ್ಮ ರೈಟರ್. ನಗು ಬರಲಿಲ್ಲ.

ಮುಂದಿನ ಹಿಂದಿನ ಎರಡೂ ಜೋಡಿ ಚಕ್ರಕ್ಕೆ ಬಲ ಕೊಡುವ ಫೋರ್ ವೀಲ್ ಹಾಕಿದರೂ ಗಾಡಿ ಯಾಕೆ ಮುಂದೆ ಹೋಗುವುದಿಲ್ಲ ಎಂದರೆ, ಜಿಪ್ಸಿಯ ಎರಡೂ ಡಿಫರೆನ್ಶಿಯಲ್ (ಎಡಬಲ ಚಕ್ರಗಳಿಗೆ ಬಲ ಹಂಚುವ ಗೇರು) ಓಪನ್ ಬಗೆಯವು. ಯಾವ ಚಕ್ರಕ್ಕೆ ಹಿಡಿತವಿಲ್ಲವೋ ಅದು ಸುತ್ತುತ್ತದೆ, ಅದರ ಜೋಡಿ ನೆಲದಲ್ಲಿದ್ದರೂ ತಳ್ಳುವುದಿಲ್ಲ. ಅಂದರೆ ಮುಂದೊಂದು ಹಿಂದೊಂದು ಚಕ್ರ ಮೂಲೆಮೂಲೆಗೆ ಎದ್ದರೆ ಎಂಜಿನ್ ಎಷ್ಟು ದೊಡ್ಡದಿದ್ದರೂ ಕಥೆ ಮುಗಿಯಿತು. ಎಡಬಲ ಚಕ್ರ ಒಟ್ಟಿಗೇ ತಿರುಗುವಂತೆ ಬಿಗಿಯುವ ಲಾಕರ್ ಹಾಕಿಸುವುದು ಒಂದು ದಾರಿ, ನನ್ನ ಜೇಬು ಒಪ್ಪಲಿಲ್ಲ. ಎರಡು ಚಕ್ರಗಳನ್ನು ಜೋಡಿಸುವ ಆಕ್ಸಲ್ ಇನ್ನಷ್ಟು ವಾಲುವಂತೆ ಮಾಡಿ ಚಕ್ರವನ್ನೇ ನೆಲಕ್ಕೆ ಇಳಿಸುವುದು ಇನ್ನೊಂದು ದಾರಿ.

ಮೊದಲು ಅಳೆಯಲು ಒಂದು ರ‍್ಯಾಂಪ್ ಬೇಕಿತ್ತು. ಕಾಫಿ ಕಣದಲ್ಲಿ ದಪ್ಪ ಸಿಲ್ವರ್ ಓಕ್ ಹಲಗೆಗಳನ್ನು ಜೋಡಿಸಿದೆ: 8 ಅಡಿ ಉದ್ದ, ಒಂದು ತುದಿ 33 ಇಂಚು ಎತ್ತರ. ಸರಿಸುಮಾರು 20 ಡಿಗ್ರಿ ಇಳಿಜಾರು ಬರುತ್ತದೆ. ಒಂದು ಮುಂದಿನ ಚಕ್ರವನ್ನು ಮಾತ್ರ ಅದರ ಮೇಲೆ ಹತ್ತಿಸುತ್ತಾ ಹೋಗಿ, ಬೇರೆ ಯಾವುದಾದರೂ ಚಕ್ರ ನೆಲ ಬಿಟ್ಟ ಕೂಡಲೇ ನಿಲ್ಲಿಸಬೇಕು. ಹಲಗೆಯ ಮೇಲೆ ಏರಿದ ದೂರವನ್ನು, ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರವಾದ ವೀಲ್‌ಬೇಸ್‌ನಿಂದ ಭಾಗಿಸಿ 1000ದಿಂದ ಗುಣಿಸಿದರೆ ಆರ್‌ಟಿಐ ಸಿಗುತ್ತದೆ. ಮಾಹಿತಿ ಹಕ್ಕಲ್ಲ, ರ‍್ಯಾಂಪ್ ಟ್ರಾವೆಲ್ ಇಂಡೆಕ್ಸ್. ಜಿಪ್ಸಿಯ ವೀಲ್‌ಬೇಸ್ 2375 ಮಿ.ಮೀ. ನನ್ನದು 900 ಮಿ.ಮೀ. ಏರುವಷ್ಟರಲ್ಲಿ ಅದೇ ಬದಿಯ ಹಿಂದಿನ ಚಕ್ರ ಎದ್ದಿತು. ಲೆಕ್ಕ 379.

ಮುಂದೆ ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಗಾಡಿ ಎತ್ತರವಾದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡು ಮೊದಲಿನದಕ್ಕಿಂತ 2 ಇಂಚು ಉದ್ದದ ಶ್ಯಾಕಲ್ ಮಾಡಿಸಿ ನಾಲ್ಕೂ ಕಡೆ ಹಾಕಿದೆ. ಶ್ಯಾಕಲ್ ಅಂದರೆ ಪ್ಲೇಟನ್ನು, ಅಂದರೆ ಆಕ್ಸಲ್ ಮೇಲೆ ಗಾಡಿಯನ್ನು ಹೊರುವ ಕಬ್ಬಿಣದ ಪಟ್ಟಿಗಳ ಸ್ಪ್ರಿಂಗನ್ನು, ಒಂದು ತುದಿಯಲ್ಲಿ ಫ್ರೇಮಿಗೆ ತೂಗುಹಾಕುವ ಕೊಂಡಿ. ಗಾಡಿ ಎದ್ದದ್ದು 1 ಇಂಚು ಮಾತ್ರ. ಪ್ಲೇಟಿನ ಒಂದು ತುದಿ ಫ್ರೇಮಿಗೆ ಕಟ್ಟಿಕೊಂಡಿರುತ್ತದೆ, ಇನ್ನೊಂದೇ ತುದಿ ಕೆಳಗಿಳಿಯುತ್ತದೆ, ಆಕ್ಸಲ್ ನಡುವೆ ಇರುವುದರಿಂದ ಅದಕ್ಕೆ ಸಿಗುವುದು ಅರ್ಧ. ರ‍್ಯಾಂಪ್ ಮೇಲೆ 940. ಇಷ್ಟೆಲ್ಲ ಮಾಡಿ ಗಿಟ್ಟಿದ್ದು ನಾಲ್ಕು ಸೆಂಟಿಮೀಟರ್!

ಅದರ ಮೇಲೆ ಹಾಸನದ ಹೆದ್ದಾರಿಯಲ್ಲಿ ಸ್ಟೀರಿಂಗ್ ಕುಡಿದವನ ಹಾಗಾಯಿತು. ತಿರುವು ಮುಗಿದ ಮೇಲೆ ತಾನಾಗಿ ನೇರವಾಗುತ್ತಿರಲಿಲ್ಲ, ಎಳೆದು ತರಬೇಕು. ಜಿಪ್ಸಿಯಲ್ಲಿ ಮುಂದಿನ ಪ್ಲೇಟಿನ ಶ್ಯಾಕಲ್ ಇರುವುದು ಮುಂತುದಿಯಲ್ಲಿ. ಅದನ್ನು ಉದ್ದ ಮಾಡಿದರೆ ಪ್ಲೇಟ್ ಮೂತಿ ಕೆಳಗೆ ಹಾಕುತ್ತದೆ, ಜೊತೆಗೆ ಆಕ್ಸಲ್‌ನ ತಲೆ ಮುಂದಕ್ಕೆ ಬಾಗುತ್ತದೆ, ಸ್ಟೀರಿಂಗನ್ನು ತಾನಾಗಿ ನೇರಕ್ಕೆ ತರುವ ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ. ಪ್ಲೇಟಿಗೂ ಆಕ್ಸಲ್‌ಗೂ ನಡುವೆ 3 ಡಿಗ್ರಿ ಬೆಣೆ ಕೂರಿಸಿದ ಮೇಲೆ ಸರಿಹೋಯಿತು. ಜಿಪ್ಸಿಯಲ್ಲಿ ಪ್ಲೇಟ್ ಆಕ್ಸಲ್‌ನ ಕೆಳಗಿರುವುದರಿಂದ ಬೆಣೆಯ ದಪ್ಪ ಬದಿ ಮುಂದಕ್ಕೆ ಬರಬೇಕು. ನಾನು ಮೊದಲ ಸಲ ತಿರುಗಾಮುರುಗಾ ಹಾಕಿ ಇನ್ನೂ ಕೆಡಿಸಿದ್ದೆ. ಬೆಣೆಗೂ ಬೆಲೆ ಇದೆ: ಆಕ್ಸಲ್‌ಗೆ ಬಲ ಬಂದು ಸೇರುವ ಪಿನಿಯನ್ ಮೂತಿ ಕೆಳಗಾಗಿ, ಆ ಬಲ ತರುವ ಮುಂದಿನ ಜಾಯಿಂಟ್ ಶಾಫ್ಟ್‌ನ ಕೋನ ಹೆಚ್ಚಾಯಿತು. ಫೋರ್ ವೀಲ್‌ನಲ್ಲಿ ವೇಗ ಕೊಟ್ಟರೆ ಸಣ್ಣ ನಡುಕ. ಕೊರಕಲಿನಲ್ಲಿ ಯಾರೂ ವೇಗ ಕೊಡುವುದಿಲ್ಲವಲ್ಲ ಎಂದು ಬಿಟ್ಟಿದ್ದೇನೆ.

ಕಣ್ಣು ತೆರೆದದ್ದು ಕೊಡಚಾದ್ರಿಯಲ್ಲಿ. ಬಾಡಿಗೆ ಜೀಪೊಂದು ಎಂಟು ಜನರನ್ನು ತುಂಬಿಕೊಂಡು ಕೊರಕಲು ದಾಟಿತು, ಒಂದು ಚಕ್ರವೂ ಏಳಲಿಲ್ಲ. ಅದೇ ಜೀಪು ಜನರನ್ನಿಳಿಸಿ ಖಾಲಿ ಬರುವಾಗ ಅದೇ ಜಾಗದಲ್ಲಿ ಕಾಲೆತ್ತಿತು. ಪ್ಲೇಟ್ ಕಟ್ಟನ್ನು ಮಾಡಿರುವುದೇ ಭಾರಕ್ಕೆ. ಖಾಲಿ ಗಾಡಿಯಲ್ಲಿ ಅದು ಬಗ್ಗಲು ಒಪ್ಪುವುದಿಲ್ಲ. ಹಾಗಾದರೆ ನನಗೆ ಬೇಕಾದದ್ದು ಎತ್ತರವಲ್ಲ, ಸಡಿಲ.

ಮನೆಗೆ ಬಂದು ಮೊದಲು ಮಾಡಿದ್ದು ಕಾಸು ಖರ್ಚಿಲ್ಲದ ಕೆಲಸ. ಫ್ರೇಮಿನ ಕೆಳಗೆ ಕುದುರೆ (ಸ್ಟ್ಯಾಂಡ್) ಕೊಟ್ಟು, ಶಾಕ್ ಅಬ್ಸಾರ್ಬರ್‌ಗಳ ಕೆಳಗಿನ ಬೋಲ್ಟ್ ಬಿಚ್ಚಿದೆ. ಹಿಂದಿನ ಆಕ್ಸಲ್ ದೊಪ್ಪೆಂದು ಎರಡೂವರೆ ಇಂಚು ಕೆಳಗೆ ಕೂತಿತು! ಇಷ್ಟು ದಿನ ಚಕ್ರವನ್ನು ನೆಲಕ್ಕಿಳಿಯದಂತೆ ಹಿಡಿದು ನೇತಾಡಿಸಿದ್ದು ಶಾಕ್‌ಗಳೇ. ಮುಂದಿನ ಆಕ್ಸಲ್ ಇಳಿಸುವಾಗ ಕೈದೀಪ ಹಿಡಿದು ನೋಡಿದೆ, ಸದ್ಯ. ಬಲಗಡೆಯ ಬ್ರೇಕ್ ಹೋಸ್ ತಂತಿಯ ಹಾಗೆ ಬಿಗಿದು, ಅದರ ಬುಡದ ರಬ್ಬರ್ ಬಿಳಿಚಿಕೊಂಡಿತ್ತು. ಇನ್ನೊಂದು ಇಂಚು ಇಳಿದಿದ್ದರೆ ಆಕ್ಸಲ್‌ನ ಭಾರವೆಲ್ಲ ಆ ಹೋಸ್ ಮೇಲೆ. ಉದ್ದದ ಹೋಸ್ ಹಾಕಿಸಿದ ಮೇಲೆಯೇ ಮುಂದಿನ ಕೆಲಸ ಮುಟ್ಟಿದ್ದು. ಜಾಯಿಂಟ್ ಶಾಫ್ಟ್‌ನ ಒಳಹೊರಗೆ ಜಾರುವ ಸ್ಲಿಪ್ ಭಾಗ ಎಷ್ಟು ಹೊರಬಂದಿದೆ ಎಂದೂ ಆಗಲೇ ನೋಡಿಕೊಂಡೆ.

ಉದ್ದದ ಶಾಕ್ ತರುವಾಗ ಹೆಚ್ಚಿನವರು ಎಡವುವುದು ಇನ್ನೊಂದು ತುದಿಯಲ್ಲಿ. ತೆರೆದಾಗ ಉದ್ದವಿದ್ದರೆ ಸಾಲದು, ಮುಚ್ಚಿದಾಗಿನ ಉದ್ದವನ್ನೂ ಅಳೆಯಬೇಕು. ಆಕ್ಸಲ್ ಅತಿಯಾಗಿ ಮೇಲೇರದಂತೆ ತಡೆಯುವ ರಬ್ಬರ್ ತುಂಡಾದ ಬಂಪ್ ಸ್ಟಾಪ್ ಮುಟ್ಟುವ ಮೊದಲೇ ಶಾಕ್ ತಳ ಕಂಡರೆ ಅದು ಒಡೆಯುತ್ತದೆ, ಇಲ್ಲವೇ ಬ್ರಾಕೆಟ್ ಕಿತ್ತು ಬರುತ್ತದೆ. ಬಂಪ್ ಸ್ಟಾಪ್ ಅಡಿಗೆ 1 ಇಂಚಿನ ತುಂಡು ಸೇರಿಸಿದೆ. ಶಾಕ್ ಹಾಕಿ ರ‍್ಯಾಂಪ್ ಹತ್ತಿಸಿದರೆ 1130.

ಉಳಿದದ್ದು ಪ್ಲೇಟ್ ಕಟ್ಟು. ಹಾಸನದಲ್ಲಿ ಲಾರಿ ಕಮಾನ್ (ಪ್ಲೇಟ್ ಕಟ್ಟು) ಕೆಲಸ ಮಾಡುವ ಭಾಯಿ ಒಬ್ಬರಿದ್ದಾರೆ. ವಿಷಯ ಹೇಳಿದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಎಲ್ಲಾರೂ ಬಿಗಿ ಮಾಡ್ಕೊಡಿ ಅಂತ ಬರ್ತಾರೆ ಸಾರ್, ನಿಮಗೆ ಲೂಸ್ ಬೇಕಾ?" ಸೆಂಟರ್ ಬೋಲ್ಟ್ ಬಿಚ್ಚಿದರೂ ಪ್ಲೇಟ್‌ಗಳು ಬಿಡಲಿಲ್ಲ, ತುಕ್ಕು ಅವನ್ನು ಒಂದೇ ಕಬ್ಬಿಣದ ಗಟ್ಟಿ ಮಾಡಿತ್ತು. ಸುತ್ತಿಗೆಯಲ್ಲಿ ಬಿಡಿಸಿದಾಗ ಹಪ್ಪಳದಂಥ ಚಕ್ಕೆಗಳು ಉದುರಿದವು. ಪ್ರತಿ ಪ್ಲೇಟಿನ ತುದಿ ಮೇಲಿನ ಪ್ಲೇಟನ್ನು ಕೊರೆದು ಬೆರಳಿಗೆ ಸಿಗುವಷ್ಟು ಗುಳಿ ಮಾಡಿತ್ತು. ಬಗ್ಗುವಾಗ ಅಲ್ಲೇ ಕಚ್ಚಿಕೊಳ್ಳುತ್ತಿದ್ದದ್ದು. ಅಂಚು ಉಜ್ಜಿ ದುಂಡಗೆ ಮಾಡಿಸಿ, ತುದಿಗಳಲ್ಲಿ ನೈಲಾನ್ ತುಂಡು ಕೂರಿಸಿ, ಗ್ರಾಫೈಟ್ ಗ್ರೀಸ್ ತೆಳ್ಳಗೆ ಸವರಿದೆವು. ದಪ್ಪ ಹಚ್ಚಿದರೆ ಕೆಸರು ಹಿಡಿದು ಉಪ್ಪುಕಾಗದವಾಗುತ್ತದೆ. ಕಟ್ಟನ್ನು ಹಿಡಿದಿಡುವ ಕ್ಲಿಪ್‌ಗಳನ್ನು ಒಂದು ಚೂರು ಅಗಲಿಸಿದೆವು. ಪೂರ್ತಿ ತೆಗೆದರೆ ಚಕ್ರ ಇಳಿದಾಗ ಭಾರವೆಲ್ಲ ಮೇಲಿನ ಒಂದೇ ಪ್ಲೇಟಿನ ಮೇಲೆ ಬೀಳುತ್ತದೆ.

ಆಸೆಗೆ ಹಿಂದಿನ ಕಟ್ಟಿನಿಂದ ಒಂದು ಪ್ಲೇಟ್ ತೆಗೆಸಿಯೂ ನೋಡಿದೆ. ಖಾಲಿ ಗಾಡಿ ತೊಟ್ಟಿಲು. ಆದರೆ 50 ಕೆ.ಜಿ.ಯ ಆರು ಕಾಫಿ ಮೂಟೆ ಹೇರಿದ ದಿನ ಬಂಪ್ ಸ್ಟಾಪ್ ಮೇಲೆ ಕೂತುಬಿಟ್ಟಿತು. ಏರಿನಲ್ಲಿ ಕ್ಲಚ್ ಬಿಟ್ಟರೆ ಪ್ಲೇಟ್ ಹಾವಿನಂತೆ ಸೊಟ್ಟಗಾಗಿ ಆಕ್ಸಲ್ ಕುಪ್ಪಳಿಸುತ್ತಿತ್ತು. ಮರುವಾರ ವಾಪಸ್ ಹಾಕಿಸಿದೆ. ಭಾರ ಹೊರದ ಗಾಡಿಯವರು ಬೇಕಾದರೆ ತೆಗೆಯಲಿ.

ಪ್ಲೇಟಿನ ತುದಿಯಲ್ಲಿ ಬೋಲ್ಟಿನ ಸುತ್ತ ಕೂರುವ ಬುಶ್ ವಿಷಯದಲ್ಲೂ ಒಂದು ಪಾಠ ಕಲಿತೆ. ಗಟ್ಟಿ ಪಾಲಿಯುರೆಥೇನ್ ಬುಶ್ ಹೊಳೆಯುತ್ತದೆ, ಬಾಳುತ್ತದೆ, ಆದರೆ ಪ್ಲೇಟ್ ಅಡ್ಡ ತಿರುಚುವುದಕ್ಕೆ ಜಾಗ ಕೊಡುವುದಿಲ್ಲ. ಮತ್ತೆ ರಬ್ಬರಿಗೇ ಬಂದೆ. ರಬ್ಬರ್ ಬುಶ್‌ನ ಬೋಲ್ಟನ್ನು ಗಾಡಿ ನಾಲ್ಕು ಚಕ್ರದ ಮೇಲೆ ನಿಂತಾಗಲೇ ಬಿಗಿಯಬೇಕು. ಜಾಕ್ ಮೇಲೆ ನೇತಾಡುವಾಗ ಬಿಗಿದರೆ ಕೆಳಗಿಳಿಸಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡಿರುತ್ತದೆ, ಬೇಗ ಹರಿಯುತ್ತದೆ. ಪ್ಲೇಟನ್ನು ಆಕ್ಸಲ್‌ಗೆ ಕಟ್ಟುವ ಯು-ಬೋಲ್ಟ್ ಹೊಸವು ಹಾಕಿ, 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿದೆ. ಪ್ರತಿ ನಟ್ ಕಾಲು ಸುತ್ತು ಬಂತು.

ಕೊನೆಯ ಅಳತೆ 1250 ಮಿ.ಮೀ., ಅಂದರೆ 526. ಮಾರುತಿಯದೇ ಜಿಮ್ನಿ ಜೀಪಿನವರು ಓದಿ ನಗಬಹುದು, ಅವರದು ಕಾಯಿಲ್ ಸ್ಪ್ರಿಂಗ್, ಈ ತುಕ್ಕಿನ ಗೋಳಿಲ್ಲ. ಈಗ ಶಿರಾಡಿ ಘಾಟಿಯ ತಿರುವುಗಳಲ್ಲಿ ಗಾಡಿ ಮೊದಲಿಗಿಂತ ವಾಲುತ್ತದೆ, ವೇಗ ಇಳಿಸಿದ್ದೇನೆ. ಇಂಥ ಬದಲಾವಣೆ ಮಾಡುವವರು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಮ್ಮೆ ಓದಿಕೊಂಡು, ಆರ್‌ಟಿಒದಲ್ಲಿ ವಿಚಾರಿಸಿ ಕೈ ಹಾಕುವುದು ಒಳ್ಳೆಯದು.

ಮೊನ್ನೆ ಮಳೆ ಬಿಟ್ಟಾಗ ಹಳ್ಳಕ್ಕೆ ಇಳಿದು ಹತ್ತಿ ಬಂದೆ. ರೈಟರ್ ಹಿಂದೆಯೇ ನಡೆದು ಬಂದು ಕೆಸರು ನೋಡುತ್ತಾ ನಿಂತರು. ಹೋದ ವರ್ಷ ಟೈರಿನ ಗುರುತು ಕೊರಕಲಿನ ಬಾಯಲ್ಲಿ ಕಡಿದು ಆಚೆ ಮತ್ತೆ ಶುರುವಾಗುತ್ತಿತ್ತು. ಈ ಸಲ ಎರಡೂ ಸಾಲು ಕೊರಕಲಿನೊಳಗೆ ಇಳಿದು ಹಾಗೇ ಮೇಲಕ್ಕೆ ಬಂದಿದ್ದವು. "ಹಿಂದ್ಗಡೆ ಎಲ್ಲೋ ಕಿರ್ ಅಂತೈತೆ, ಕೇಳುಸ್ತಾ?" ಅಂದರು. ಕೇಳಿಸಿತ್ತು. ಎಡಗಡೆಯ ಶ್ಯಾಕಲ್ ಬುಶ್.