ಇಂಗ್ಲಿಷ್ ಪ್ಯಾಸೇಜ್ ಎದುರು ಹೆದರದೆ ಕೂರುವುದು ಹೇಗೆ?

ನಮ್ಮ ಕಾಸರಗೋಡಿನ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ ಇರಲಿ, ದೂರದ ದೆಹಲಿಯದ್ದಿರಲಿ, ಪ್ಲಸ್ ಟು ಮುಗಿಸಿ ಅಲ್ಲಿ ಡಿಗ್ರಿಗೆ ಸೇರಬೇಕಾದರೆ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಅದರ ಇಂಗ್ಲಿಷ್ ಪೇಪರ್ ಅಂದ ಕೂಡಲೇ ಹಿಂದೆ ಸರಿಯುತ್ತಾರೆ. ಪ್ಲಸ್ ಟು ಮಕ್ಕಳಿಗೆ ಇಂಗ್ಲಿಷ್ ಕಲಿಸುವ ನನಗೆ ಇದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಯಾಕೆಂದರೆ ಆ ಪೇಪರಿನ ಓದುವ ಭಾಗ, ಅಂದರೆ ಪ್ಯಾಸೇಜ್ ಓದಿ ಉತ್ತರಿಸುವ ಭಾಗ, ನಮಗೆ ಕಷ್ಟವಾಗಬೇಕಾದ್ದೇ ಅಲ್ಲ.

ಮೊದಲು ನಿಯಮ ನೋಡಿ. ಪರೀಕ್ಷೆಗೆ ಆರಿಸಬಹುದಾದ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಆದರೆ ಕೆಲವು ಕೋರ್ಸುಗಳು ಇಂಗ್ಲಿಷನ್ನೇ ಕೇಳುತ್ತವೆ. ಅರ್ಜಿ ಹಾಕುವ ಮೊದಲೇ ಇದನ್ನು ತಿಳಿದುಕೊಳ್ಳಿ. 2025ರಲ್ಲಿ ಪೇಪರಿಗೆ 50 ಪ್ರಶ್ನೆ, 60 ನಿಮಿಷ ಇತ್ತು. ಸರಿಯಾದರೆ 5 ಅಂಕ, ತಪ್ಪಿದರೆ 1 ಅಂಕ ಕಡಿತ.

ಈಗ ಓದುವ ಕೆಲಸ. ಪ್ಯಾಸೇಜಿನ ಪ್ರತಿ ಸಾಲನ್ನೂ ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸುತ್ತಾ ಕೂರಬೇಡಿ. ಸಮಯವೆಲ್ಲ ಅಲ್ಲೇ ಹೋಗುತ್ತದೆ. ಮನೆಯಲ್ಲಿ ತುಳು, ಕ್ಲಾಸಿನಲ್ಲಿ ಕನ್ನಡ, ಪೇಟೆಗೆ ಇಳಿದರೆ ಮಲಯಾಳ. ಆ ಮಲಯಾಳವನ್ನು ನಾವು ಡಿಕ್ಷನರಿ ಹಿಡಿದು ಕಲಿತೆವಾ? ಮಾತಿನ ಸಂದರ್ಭ ನೋಡಿ ಅರ್ಥ ಊಹಿಸಿದೆವು, ಅಲ್ವಾ? ಪ್ಯಾಸೇಜ್ ಕೇಳುವುದೂ ಅದೇ ಜಾಣ್ಮೆಯನ್ನು.

ಒಂದು ಉದಾಹರಣೆ. ‘ದ ವೆಲ್ ಹ್ಯಾಡ್ ಮೀಗರ್ ವಾಟರ್ ಇನ್ ಏಪ್ರಿಲ್, ಸೋ ದ ಫ್ಯಾಮಿಲಿ ಡಗ್ ಎ ಸುರಂಗ.’ ‘ಮೀಗರ್’ ಗೊತ್ತಿಲ್ಲ ಎಂದಿಟ್ಟುಕೊಳ್ಳಿ. ಏಪ್ರಿಲ್ ತಿಂಗಳು. ಬಾವಿ ಇದ್ದೂ ಮನೆಯವರು ಮುರಕಲ್ಲಿನ ಗುಡ್ಡ ಕೊರೆದು ನೀರಿನ ಸುರಂಗ ತೋಡಿದರು. ಯಾಕೆ? ಬಾವಿಯಲ್ಲಿ ನೀರು ಸಾಲಲಿಲ್ಲ. ಹಾಗಾದರೆ ‘ಮೀಗರ್’ ಅಂದರೆ ತೀರಾ ಕಡಿಮೆ. ‘ಸೋ’ ಎಂಬ ಪುಟ್ಟ ಪದವೇ ದಾರಿ ತೋರಿಸಿತು. ‘ಬಟ್’, ‘ದೋ’, ‘ಹೌಎವರ್’ ಕಂಡಲ್ಲೂ ನಿಂತು ನೋಡಿ, ಮಾತು ಅಲ್ಲೇ ತಿರುಗುತ್ತದೆ.

ಇದೇ ಸಾಲಿನ ಮೇಲೆ ಪ್ರಶ್ನೆ ಬಂದು, ಒಂದು ಉತ್ತರ ‘ಊರಿನ ಎಲ್ಲ ಮನೆಯವರೂ ಸುರಂಗ ತೋಡಿದರು’ ಎಂದಿದ್ದರೆ? ನಮ್ಮ ಊರು ನೋಡಿದವರಿಗೆ ಅದು ನಿಜವೆಂದೇ ಅನಿಸಬಹುದು. ಆದರೆ ಪ್ಯಾಸೇಜ್ ಹೇಳಿದ್ದು ಒಂದೇ ಮನೆಯ ವಿಷಯ. ನಿಮಗೆ ಗೊತ್ತಿರುವುದನ್ನು ಪಕ್ಕಕ್ಕಿಟ್ಟು, ಬರೆದದ್ದನ್ನು ಮಾತ್ರ ನಂಬಿ. ನನ್ನ ಕ್ಲಾಸಿನಲ್ಲಿ ಜಾಸ್ತಿ ಅಂಕ ಕಳೆದುಕೊಳ್ಳುವುದು ಇಲ್ಲೇ. ‘ಆಲ್’, ‘ಆಲ್ವೇಸ್’, ‘ಓನ್ಲಿ’ ಇರುವ ಉತ್ತರವನ್ನು ಎರಡು ಸಲ ಓದಿ.

ಸಾಲುಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸುವ ಪ್ರಶ್ನೆಗೆ ಸುಲಭದ ದಾರಿ ಇದೆ. ‘ಹಿ’, ‘ದಿಸ್’ ಎಂದು ಶುರುವಾಗುವ ಸಾಲು ಸಾಮಾನ್ಯವಾಗಿ ಮೊದಲು ಬರುವುದಿಲ್ಲ. ವ್ಯಾಕರಣದಲ್ಲಿ ‘ಎ’, ‘ಆ್ಯನ್’, ‘ದ’ ಮೇಲೆ ಹೆಚ್ಚು ಹೊತ್ತು ಕೊಡಿ. ಕನ್ನಡದಲ್ಲಿ ಅಂಥವು ಇಲ್ಲದ್ದರಿಂದ ನಾವು ಎಡವುತ್ತೇವೆ.

ಉತ್ತರ ಗೊತ್ತಿಲ್ಲದಿದ್ದರೆ ಬಿಡಬೇಕಾ? ಲೆಕ್ಕ ಹಾಕಿ. ನಾಲ್ಕು ಆಯ್ಕೆಗಳಲ್ಲಿ ಎರಡು ಖಂಡಿತ ತಪ್ಪು ಎಂದು ಗೊತ್ತಾದರೆ ಉಳಿದ ಎರಡರಲ್ಲಿ ಒಂದನ್ನು ಆರಿಸಿ. ಇಂಥ ಎರಡು ಪ್ರಶ್ನೆಗಳಲ್ಲಿ ಒಂದು ಸರಿ, ಒಂದು ತಪ್ಪಾದರೂ 4 ಅಂಕ ಉಳಿಯುತ್ತದೆ.

ದಿನಕ್ಕೆ ಒಂದೇ ಪ್ಯಾಸೇಜ್ ಸಾಕು, ಆದರೆ ಗಡಿಯಾರ ಇಟ್ಟು ಓದಿ. ಒಂದು ಪ್ರಶ್ನೆಗೆ ಸಿಗುವುದು 72 ಸೆಕೆಂಡು. ಓದಿದ ಮೇಲೆ ತಪ್ಪಾದ ಉತ್ತರ ಯಾಕೆ ತಪ್ಪಾಯಿತು ಎಂದು ಕನ್ನಡದಲ್ಲೇ ಒಂದು ಸಾಲು ಬರೆದಿಡಿ. ಪರೀಕ್ಷೆ ನಡೆಯುವುದು ಕಂಪ್ಯೂಟರಿನಲ್ಲಿ, ಪೆನ್ನಿನಿಂದ ಅಡಿಗೆರೆ ಹಾಕಲು ಆಗುವುದಿಲ್ಲ. ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ ಶಾಲೆಯ ಲ್ಯಾಬಿನಲ್ಲಿ ಒಂದು ಗಂಟೆ ಕೊಡುವಂತೆ ಟೀಚರನ್ನು ಕೇಳಿ. ಪರದೆಯ ಮೇಲೆ ಓದಿ, ಪಕ್ಕದ ಹಾಳೆಯಲ್ಲಿ ಒಂದೆರಡು ಪದ ಗುರುತು ಹಾಕಿಕೊಳ್ಳುವ ರೂಢಿ ಈಗಿಂದಲೇ ಬರಲಿ.