ಚೋರ್ ಅಂದ್ರೆ ಕಳ್ಳ ಅಲ್ಲ: ಕಮಿಟ್ ಮೆಸೇಜಿಗೆ ಲೇಬಲ್ ಹಾಕುವುದು ಹೇಗೆ?

ಎರಡು ವರ್ಷದ ಹಿಂದೆ ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಕೆಲವು ಬಿಲ್ಲುಗಳ ಮೊತ್ತ ಒಂದು ರೂಪಾಯಿ ಕಮ್ಮಿ ಬರುತ್ತಿತ್ತು. ಯಾವಾಗಿನಿಂದ ಅಂತ ಗಿಟ್ (ಕೋಡ್‌ನ ಬದಲಾವಣೆಗಳ ಇತಿಹಾಸ ಇಡುವ ಟೂಲ್) ಲಾಗ್ ತೆರೆದರೆ, ಒಂದೊಂದು ಕಮಿಟ್‌ಗೂ, ಅಂದರೆ ಉಳಿಸಿದ ಒಂದೊಂದು ಬದಲಾವಣೆಗೂ, ಬರೆದಿದ್ದ ಮೆಸೇಜ್ 'ಅಪ್‌ಡೇಟ್', 'ಫಿಕ್ಸ್', 'ಫೈನಲ್', 'ಫೈನಲ್ 2'. ಅರ್ಧ ದಿನ ಒಂದೊಂದನ್ನೇ ಬಿಚ್ಚಿ ನೋಡಿದ ಮೇಲೆ ತಪ್ಪು ಸಿಕ್ಕಿದ್ದು 'ಬಟನ್ ಬಣ್ಣ ಬದಲು' ಎಂಬ ಕಮಿಟ್‌ನಲ್ಲಿ. ಬಣ್ಣದ ಜೊತೆಗೆ ಯಾರೋ ರೌಂಡಿಂಗ್ ಲೆಕ್ಕಕ್ಕೂ ಕೈ ಹಾಕಿದ್ದರು. ಯಾರೋ ಏನು ಬಂತು, ನಾನೇ.

ಅದಕ್ಕೇ ಮೆಸೇಜಿನ ಶುರುವಿನಲ್ಲಿ ಇದು ಯಾವ ಕೆಲಸ ಅಂತ ಹೇಳುವ ಒಂದು ಪದ ಬೇಕು, ಅದೇ ಲೇಬಲ್. ಮೊದಲ ಹೆಜ್ಜೆ: ಪ್ರಾಜೆಕ್ಟಿನ ಹಳೆಯ ಕಮಿಟ್‌ಗಳನ್ನು ಒಂದಿಪ್ಪತ್ತು ಓದಿ. ಅಲ್ಲಿ ಯಾವ ಪದ್ಧತಿ ಇದೆಯೋ ಅದನ್ನೇ ಹಿಡಿಯಿರಿ, ನಿಮ್ಮದು ಎಷ್ಟೇ ಚೆನ್ನಾಗಿದ್ದರೂ. ಪೈಥಾನ್‌ನ ಲೆಕ್ಕದ ಲೈಬ್ರರಿ ನಮ್‌ಪೈನಲ್ಲಿ 'ಬಗ್', 'ಡಾಕ್' ಅಂತ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಶುರು ಮಾಡುತ್ತಾರೆ. ಲಿನಕ್ಸ್ ಕರ್ನಲ್‌ನಲ್ಲಿ ಕೆಲಸ ಯಾವ ಬಗೆಯದು ಅಂತ ಅಲ್ಲ, ಯಾವ ಭಾಗದ್ದು ಅಂತ ಮೊದಲು ಬರೆಯುತ್ತಾರೆ. ಹಳೆಯ ತಪ್ಪು ತಿದ್ದಿದ್ದಾದರೆ ಕೊನೆಯಲ್ಲಿ 'ಫಿಕ್ಸಸ್' ಅಂತ ಒಂದು ಸಾಲು, ಅದರಲ್ಲಿ ತಪ್ಪು ತಂದ ಕಮಿಟ್‌ನ ಹ್ಯಾಶ್‌ನ (ಗಿಟ್ ಪ್ರತಿ ಕಮಿಟ್‌ಗೂ ಕೊಡುವ ಉದ್ದನೆಯ ಗುರುತು) ಮೊದಲ 12 ಅಕ್ಷರ. ಈ ತಿದ್ದುಪಡಿ ಯಾವ ಹಳೆಯ ಆವೃತ್ತಿಯವರೆಗೆ ಹೋಗಬೇಕು ಅನ್ನೋದು ಅದರಿಂದಲೇ ಗೊತ್ತಾಗುತ್ತದೆ.

ಪ್ರಾಜೆಕ್ಟ್ ಹೊಸದಾ? ಹಾಗಿದ್ದರೆ 'ಕನ್ವೆನ್ಶನಲ್ ಕಮಿಟ್ಸ್' ಎಂಬ ಪದ್ಧತಿ ಸಾಕು, ಅದು ಆ್ಯಂಗ್ಯುಲರ್ ಎಂಬ ವೆಬ್ ಫ್ರೇಮ್‌ವರ್ಕಿನ ತಂಡದ ನಿಯಮಗಳಿಂದ ಬೆಳೆದದ್ದು. ಹೊಸ ಸೌಲಭ್ಯಕ್ಕೆ ಫೀಟ್, ತಪ್ಪು ತಿದ್ದಿದರೆ ಫಿಕ್ಸ್, ದಾಖಲೆಗೆ ಡಾಕ್ಸ್, ನಡವಳಿಕೆ ಬದಲಾಗದೆ ಕೋಡ್ ಮಾತ್ರ ಓರಣವಾದರೆ ರಿಫ್ಯಾಕ್ಟರ್, ಸಣ್ಣಪುಟ್ಟ ಮನೆಗೆಲಸಕ್ಕೆ ಚೋರ್ (ಇಂಗ್ಲಿಷಿನ chore). ಈ ಚೋರ್ ಮೇಲೆ ಒಂದು ಕಣ್ಣಿರಲಿ. ಯೋಚಿಸೋಕೆ ಬೇಜಾರಾದಾಗಲೆಲ್ಲ ಜನ ಅದನ್ನೇ ಹಾಕುತ್ತಾರೆ, ಕೊನೆಗೆ ಅದು ಅಟ್ಟದ ಮೇಲಿನ ಗೋಣಿಚೀಲ ಆಗಿಬಿಡುತ್ತದೆ.

ಈಗ ಸಾಲು ಬರೆಯೋಣ. ಲೇಬಲ್, ಬೇಕಿದ್ದರೆ ಕಂಸದಲ್ಲಿ ಭಾಗದ ಹೆಸರು, ಕೋಲನ್, ಆಮೇಲೆ ವಿಷಯ. ಎಲ್ಲ ಸೇರಿ ಸುಮಾರು 50 ಅಕ್ಷರ. 'ಮಾಡಿದೆ' ಬೇಡ, 'ಮಾಡು' ಅಂತಿರಲಿ. ನನ್ನ ಆ ತಪ್ಪನ್ನು ತಿದ್ದಿದ ಕಮಿಟ್ ಹೀಗಿತ್ತು:

ಫಿಕ್ಸ್(ಬಿಲ್): ಒಟ್ಟು ಮೊತ್ತವನ್ನು ಮಾತ್ರ ರೌಂಡ್ ಮಾಡು

ಒಂದು ಸಾಲು ಖಾಲಿ ಬಿಟ್ಟು, ಕೆಳಗೆ ಕಾರಣ: '33.40ರ ಮೂರು ಐಟಂ ಇದ್ದಾಗ ಒಂದೊಂದನ್ನೂ ರೌಂಡ್ ಮಾಡಿದರೆ 99 ಬರುತ್ತದೆ, ಒಟ್ಟನ್ನು ಮಾಡಿದರೆ 100.' ಏನು ಬದಲಾಯಿತು ಅನ್ನೋದನ್ನು ಕೋಡೇ ತೋರಿಸುತ್ತದೆ, ಯಾಕೆ ಅನ್ನೋದನ್ನು ನೀವೇ ಹೇಳಬೇಕು.

ಎರಡು ಲೇಬಲ್ ಹೊಂದುತ್ತವೆ ಅನಿಸಿತಾ? ಅದು ಎರಡು ಕಮಿಟ್. ನನಗೆ ಲೇಬಲ್‌ನಿಂದ ಆದ ದೊಡ್ಡ ಉಪಕಾರವೇ ಇದು, ಹುಡುಕೋಕೆ ಸುಲಭ ಅನ್ನೋದು ಆಮೇಲಿನ ಮಾತು. ಬಟನ್ ಬಣ್ಣವನ್ನೂ ರೌಂಡಿಂಗನ್ನೂ ಒಂದೇ ಲೇಬಲ್ಲಿನಲ್ಲಿ ತುರುಕಲು ಹೋಗಿದ್ದರೆ ಅವತ್ತೇ ಕೈ ತಡೆಯುತ್ತಿತ್ತು. ಬೇರೆ ಬೇರೆ ಮಾಡೋಕೆ, ಬದಲಾವಣೆಗಳನ್ನು ಕಮಿಟ್‌ಗೆ ಆರಿಸಿಕೊಡುವ ಗಿಟ್ ಆ್ಯಡ್ ಆಜ್ಞೆಗೆ 'ಪಿ' ಆಪ್ಶನ್ (-p) ಕೊಟ್ಟು ನೋಡಿ. ಬದಲಾವಣೆಗಳನ್ನು ತುಂಡು ತುಂಡಾಗಿ ತೋರಿಸಿ, ಇದು ಬೇಕಾ ಬೇಡ್ವಾ ಅಂತ ಕೇಳುತ್ತದೆ.

ಆವೃತ್ತಿಯ ಸಂಖ್ಯೆಯೂ ಇದಕ್ಕೆ ಗಂಟು ಬಿದ್ದಿದೆ. 1.4.2 ಇದ್ದಾಗ ಫಿಕ್ಸ್ ಬಂದರೆ 1.4.3, ಫೀಟ್ ಬಂದರೆ 1.5.0. ಹಳೆಯ ಬಳಕೆದಾರರ ಕೋಡ್ ಮುರಿಯುವಂಥದ್ದಾದರೆ ಕೋಲನ್‌ಗೆ ಮುಂಚೆ ಆಶ್ಚರ್ಯಸೂಚಕ ಹಾಕಿ, ಅದು 2.0.0 ಆಗುತ್ತದೆ. ಈ ಲೆಕ್ಕವನ್ನು ಟೂಲ್‌ಗೆ ಬಿಟ್ಟಿರುವ ತಂಡದಲ್ಲಿ ಸುಮ್ನೆ ಯಾವುದೋ ಲೇಬಲ್ ಹಾಕಿದರೆ ಬಿಡುಗಡೆಯ ಸಂಖ್ಯೆಯೇ ತಪ್ಪುತ್ತದೆ.

ಜ್ಞಾಪಿಸೋರು ಬೇಕಿದ್ದರೆ ಮೆಸೇಜ್ ನಿಯಮದಂತಿದೆಯಾ ಅಂತ ನೋಡುವ ಕಮಿಟ್‌ಲಿಂಟ್ ಇದೆ. ಅದನ್ನು ಹಸ್ಕಿ (ಕಮಿಟ್ ಮಾಡುವಾಗ ಇಂಥ ಪರೀಕ್ಷೆಗಳನ್ನು ತಾನೇ ಓಡಿಸುವ ಟೂಲ್) ಜೊತೆ ಜೋಡಿಸಿದರೆ ಲೇಬಲ್ ಇಲ್ಲದ ಕಮಿಟನ್ನು ಒಳಗೇ ಬಿಡುವುದಿಲ್ಲ. ಮೊದಲ ವಾರ ಎಲ್ಲರೂ ಬೈಯುತ್ತಾರೆ, ಬೈಯಲಿ.

ಇನ್ನು ಹಳೆಯ 'ಫೈನಲ್ 2'ಗಳು. ಇನ್ನೂ ಪುಶ್ ಮಾಡದ, ಅಂದರೆ ಎಲ್ಲರ ಹಂಚಿಕೆಯ ಜಾಗಕ್ಕೆ ಕಳಿಸದ, ಕೊನೆಯ ಕಮಿಟ್ ಆದರೆ ಗಿಟ್‌ನ ಅಮೆಂಡ್ ಆಪ್ಶನ್‌ನಿಂದ ತಿದ್ದಬಹುದು. ಪುಶ್ ಆಗಿದ್ದರೆ ಹಾಗೇ ಬಿಡಿ. ಮೆಸೇಜ್ ತಿದ್ದಿದರೂ ಹ್ಯಾಶ್ ಬದಲಾಗುತ್ತದೆ, ಅದರ ಮೇಲೆ ಕೆಲಸ ಶುರು ಮಾಡಿದವರೆಲ್ಲ ನಿಮ್ಮ ಡೆಸ್ಕ್ ಹುಡುಕಿಕೊಂಡು ಬರುತ್ತಾರೆ.