ದನಿ ಕುಗ್ಗಿದ ವಾಲ್ವ್ ಆಂಪ್ಲಿಫೈಯರ್ ಸರಿಯಾದದ್ದು ಹೀಗೆ

ಬದಿಯಡ್ಕದ ನಮ್ಮ ಮನೆಯಲ್ಲಿ ಯಕ್ಷಗಾನದ ಹಳೇ ಕ್ಯಾಸೆಟ್ ಕೇಳಲೆಂದೇ ಒಂದು ವಾಲ್ವ್ ಆಂಪ್ಲಿಫೈಯರ್ (ಗಾಜಿನ ವಾಲ್ವ್‌ಗಳಿಂದ ಸದ್ದು ಹೆಚ್ಚಿಸುವ ಯಂತ್ರ) ಕಟ್ಟಿದ್ದೆ. ಮೊದಲೆರಡು ಹಂತಕ್ಕೆ ಒಂದೇ ಗಾಜಿನೊಳಗೆ ಎರಡು ವಾಲ್ವ್ ಇರುವ ಒಂದು ಇಸಿಸಿ83, ಕೊನೆಗೆ ಸ್ಪೀಕರಿಗೆ ಶಕ್ತಿ ಕೊಡುವ ಇಎಲ್84 ವಾಲ್ವ್. ನೆಗೆಟಿವ್ ಫೀಡ್‌ಬ್ಯಾಕ್ (ಹೊರಬಂದ ಸಿಗ್ನಲಿನ ಸ್ವಲ್ಪ ಭಾಗವನ್ನು ಒಳಬರುವುದಕ್ಕೆ ವಿರುದ್ಧವಾಗಿ ಮರಳಿಸುವುದು) ಕೊಟ್ಟ ಮೇಲೆ ಭಾಗವತರ ದನಿ ತಿಳಿಯಾಯಿತು, ಆದರೆ ಸದ್ದು ತುಂಬಾ ಕುಗ್ಗಿತು. ತೆಗೆದರೆ ಚೆಂಡೆ ಒಡಕು. ಎರಡೂ ಬೇಕಲ್ವಾ?

ಪರಿಹಾರ ಸಿಕ್ಕಿದ್ದು ಪಾಸಿಟಿವ್ ಫೀಡ್‌ಬ್ಯಾಕ್‌ನಲ್ಲಿ, ಅಂದರೆ ಒಳಬರುವ ಸಿಗ್ನಲಿಗೆ ನೆರವಾಗುವಂತೆ ಮರಳಿಸುವುದರಲ್ಲಿ. ಇಸಿಸಿ83ರ ಎರಡು ಕ್ಯಾಥೋಡ್‌ಗಳಿಗೂ (ಎಲೆಕ್ಟ್ರಾನ್ ಹೊರಡುವ ತುದಿ) 1.5 ಕಿಲೋ ಓಮ್ ರೆಸಿಸ್ಟರ್ ಇತ್ತು, ಬೈಪಾಸ್ ಕೆಪಾಸಿಟರ್ ಇರಲಿಲ್ಲ, ಹಾಗಾಗಿ ಕ್ಯಾಥೋಡ್‌ನಲ್ಲೂ ಸಿಗ್ನಲ್ ಸಿಗುತ್ತಿತ್ತು. ಮೊದಲ ಹಂತ ಸಿಗ್ನಲನ್ನು ತಲೆಕೆಳಗು ಮಾಡುತ್ತದೆ, ಆ ತಲೆಕೆಳಗಾದ ಸಿಗ್ನಲ್ ಮೊದಲ ಕ್ಯಾಥೋಡ್‌ಗೆ ಬಂದರೆ ಒಳಬರುವ ಸಿಗ್ನಲಿಗೆ ನೆರವಾಗುತ್ತದೆ. ಹಾಗಾಗಿ ಎರಡನೇ ಕ್ಯಾಥೋಡ್‌ನಿಂದ ಮೊದಲನೆಯದಕ್ಕೆ ಸ್ವಲ್ಪ ಸಿಗ್ನಲ್ ಮರಳಿಸಿದರೆ ಗೇನ್ (ಸಿಗ್ನಲ್ ಎಷ್ಟು ಪಟ್ಟು ಹೆಚ್ಚುತ್ತದೆ ಎಂಬುದು) ಏರುತ್ತದೆ.

ಎರಡು ಕ್ಯಾಥೋಡ್‌ಗಳ ನಡುವೆ 100 ಕಿಲೋ ಓಮ್ ಪ್ರಿಸೆಟ್ (ತಿರುಗಿಸಿ ಬದಲಿಸಬಹುದಾದ ರೆಸಿಸ್ಟರ್) ಹಾಕಿ ಓಮ್ ಇಳಿಯುವಂತೆ ಮೆಲ್ಲ ತಿರುಗಿಸಿದೆ. ಸದ್ದು ಏರುತ್ತಾ ಬಂತು. 20 ಕಿಲೋ ಆಸುಪಾಸಿಗೆ ಬಂದಾಗ ಸ್ಪೀಕರ್ ಬುಡುಬುಡು ಅನ್ನತೊಡಗಿತು, ಕೋನ್ ಕಣ್ಣಿಗೆ ಕಾಣುವಷ್ಟು ಹಿಂದೆ ಮುಂದೆ ಆಡಿತು. ತಕ್ಷಣ ಹಿಂದಕ್ಕೆ ತಿರುಗಿಸಿದೆ. ಕೊನೆಗೆ ಅಲ್ಲಿ 47 ಕಿಲೋ ರೆಸಿಸ್ಟರನ್ನೇ ಬೆಸುಗೆ ಹಾಕಿದೆ. ಬುಡುಬುಡು ಶುರುವಾಗುವ ಅಂಚಿನಲ್ಲಿ ನಿಲ್ಲಿಸಬೇಡಿ, ವಾಲ್ವ್ ಬದಲಿಸಿದರೆ ಗೇನೂ ಬದಲಾಗುತ್ತದೆ. ಬರೀ ಪಾಸಿಟಿವ್ ಸಾಲದು, ಅದು ಒಡಕನ್ನೂ ಹೆಚ್ಚಿಸುತ್ತದೆ. ಮೊದಲೇ ಕೊಟ್ಟಿದ್ದ ಹೊರಗಿನ ನೆಗೆಟಿವ್ ಫೀಡ್‌ಬ್ಯಾಕ್ ಇರಲೇಬೇಕು.

ಒಳಗೆ 250 ವೋಲ್ಟ್ ಉಂಟು. ಕೈಹಾಕುವ ಮೊದಲು ಪ್ಲಗ್ ಕಿತ್ತು, ಕೆಪಾಸಿಟರ್ ಖಾಲಿ ಮಾಡಿ, ಮೀಟರ್‌ನಲ್ಲಿ ನೋಡಿ.

ನಿನ್ನೆ ರಾತ್ರಿ ಜೋರು ಮಳೆಯ ನಡುವೆಯೂ ಚೆಂಡೆಯ ಪ್ರತಿ ಪೆಟ್ಟು ಬಿಡಿಬಿಡಿಯಾಗಿ ಕೇಳಿತು.